ಇಪ್ಪತ್ತಮೂರನೆಯ ಡಬ್ಬಿ

೨೦೧೨ನೆಯ ಇಸವಿ, ಡಿಸೆಂಬರ್ ಮೂರನೆಯ ತಾರೀಖು, ಸೋಮವಾರ. ಚಳಿಗಾಲ ಕಾಲಿಟ್ಟು ಎರಡು ವಾರವಾಗಿತ್ತು. ಬೆಳಗಿನ ಮಂಜು ಹತ್ತು ಗಂಟೆಯಾದರೂ ಕರಗಿರಲಿಲ್ಲ. ಬಿಸಿಲು ಬಂದೂ ಬಾರದಂತೆ ಕಿಟಕಿಯ ಗಾಜಿನ ಮೇಲೆ ಅಂಟಿಕೊಂಡಿತ್ತು. ಭೂದಾಖಲೆಗಳ ಕಚೇರಿಯ ನೌಕರರು ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡೇ ಹಾಜರಿ ಹಾಕಿದರು. ಈ ಪ್ರಕರಣವು ನಾಲ್ಕನೆಯ ತಾರೀಖಿನಂದು ಆರಂಭವಾಯಿತೆಂದು ಹೇಳುವವರುಂಟು. ಅದು ತಪ್ಪು. ನಾಲ್ಕರಂದು ಆರಂಭವಾದದ್ದು ಶೌಚಾಲಯದ ಮುಂದಿನ ಸಾಲು. ವಾಂತಿ ಆರಂಭವಾದದ್ದು ಮೂರರಂದೇ, ಬೈಂಡರಣ್ಣನಿಂದ.

ಬೈಂಡರಣ್ಣನೆಂದರೆ ಹರಿದ ಕಡತಗಳಿಗೆ ರಟ್ಟು ಹಾಕಿ ಹೊಲಿಯುವ ನೌಕರ. ಅವನು ಮೊದಲ ಮಹಡಿಯ ದಾಖಲೆ ಕೋಣೆಯಿಂದ ಬಾಯಿಗೆ ಕೈ ಅಡ್ಡ ಹಿಡಿದು ಓಡಿಬಂದು, ಮೆಟ್ಟಿಲಿನ ತಿರುವಿನಲ್ಲಿದ್ದ ಹೂಕುಂಡದ ಮೇಲೆ ಬಗ್ಗಿದನು. ಆ ಹೂಕುಂಡವು ಹೆಡ್ ಕ್ಲಾರ್ಕರ ಸ್ವಂತ ಆರೈಕೆಯಲ್ಲಿ ಬೆಳೆದದ್ದು. ಅವರು ಸದ್ದು ಕೇಳಿ ಹೊರಗೆ ಬಂದರು.

"ಬಚ್ಚಲು ಇಲ್ಲೇ ಎದುರಿಗಿತ್ತಲ್ಲಯ್ಯಾ! ಇನ್ನೊಂಚೂರು ತಡ್ಕೊಳ್ಳೋಕಾಗ್ಲಿಲ್ವಾ?"

"ನಾನು ತಡ್ಕೊಂಡೆ ಸಾರ್. ಅದು ತಡ್ಕೊಳ್ಳಲಿಲ್ಲ," ಎಂದು ಬೈಂಡರಣ್ಣನು ಹೇಳಿ, ಮಾತು ಮುಗಿಸುವ ಮೊದಲೇ ಮತ್ತೆ ಗಿಡದ ಕಡೆ ತಿರುಗಿದನು.

ಬುಧವಾರದ ಹೊತ್ತಿಗೆ ಕಚೇರಿಯ ಅರ್ಧದಷ್ಟು ಜನ ಹೊಟ್ಟೆ ಹಿಡಿದುಕೊಂಡಿದ್ದರು. ಕಟ್ಟಡದಲ್ಲಿದ್ದ ಶೌಚಾಲಯಗಳು ಎರಡು. ಅವುಗಳಲ್ಲಿ ಒಂದರ ಬೀಗದ ಕೈ ಸಾಹೇಬರ ಜೇಬಿನಲ್ಲಿ. ಉಳಿದೊಂದರ ಮುಂದಿನ ಸಾಲಿನಲ್ಲಿ ಸೇವಾ ಹಿರಿತನದ ಪ್ರಶ್ನೆ ಎದ್ದಿತು.

"ನಾನು ನಿಮಗಿಂತ ಸೀನಿಯರ್ ಕಣ್ರೀ, ದಾರಿ ಬಿಡಿ."

"ಬಡ್ತಿಗೆ ಸೀನಿಯಾರಿಟಿ ನೋಡ್ತಾರೆ ಸಾರ್, ಭೇದಿಗೆ ನೋಡಲ್ಲ."

ಪ್ರತಿ ಚಳಿಗಾಲದಲ್ಲಿಯೂ ಆ ಕಚೇರಿಯಲ್ಲಿ ಹೀಗೆಯೇ ಆಗುತ್ತಿತ್ತು, ಮತ್ತು ಪ್ರತಿ ಚಳಿಗಾಲದಲ್ಲಿಯೂ ತೀರ್ಪು ಒಂದೇ: ಕ್ಯಾಂಟೀನಿನ ಊಟ ಕೆಟ್ಟಿದೆ. ಹಿಂದಿನ ಮೂರು ವರ್ಷಗಳೂ ಕ್ಯಾಂಟೀನಿನ ಆಹಾರವನ್ನು ಆರೋಗ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಲಾಗಿತ್ತು. ಮೂರು ಸಲವೂ ಬಂದ ಉತ್ತರ, 'ರೋಗಾಣು ಕಂಡುಬಂದಿಲ್ಲ'. ಇದನ್ನು ನಿರ್ದೋಷವೆಂದು ಓದಬೇಕಾಗಿತ್ತು. ಕಚೇರಿಯು ಅದನ್ನು 'ಇನ್ನೂ ಸಿಕ್ಕಿಬಿದ್ದಿಲ್ಲ' ಎಂದು ಓದಿಕೊಂಡಿತು.

ಸಿಕ್ಕಿಬೀಳಬೇಕಾಗಿದ್ದವರು ಅಕ್ಕ. ಕಚೇರಿಗೆ ಕಚೇರಿಯೇ ಅವರನ್ನು ಹಾಗೆ ಕರೆಯುತ್ತಿತ್ತು. ಅಕ್ಕ ೧೯೮೯ರ ಜೂನ್ ಹನ್ನೆರಡು, ಸೋಮವಾರದಂದು ಕ್ಯಾಂಟೀನಿನ ಒಲೆ ಹಚ್ಚಿದವರು, ಅಂದಿನಿಂದ ಆ ಒಲೆಯ ಮುಂದೆಯೇ ಇದ್ದರು. ಕ್ಯಾಂಟೀನ್ ಎಂದರೆ ಕಟ್ಟಡದ ಹಿಂದೆ, ಸೈಕಲ್ ನಿಲ್ದಾಣಕ್ಕೆ ಹೊಂದಿಕೊಂಡ ಒಂದು ತಗಡಿನ ಮಾಡು, ನಾಲ್ಕು ಉದ್ದನೆಯ ಮೇಜು, ಮತ್ತು ಅಕ್ಕನ ಬಾಯಿ. ಊಟಕ್ಕೆ ಉಪ್ಪು ಎಷ್ಟು ಬೇಕೆಂಬುದು ಅವರಿಗೆ ಹೇಗೆ ಗೊತ್ತಿತ್ತೋ, ಯಾರಿಗೆ ಯಾವ ಮಾತು ಎಲ್ಲಿ ಚುಚ್ಚುತ್ತದೆಂಬುದೂ ಹಾಗೆಯೇ ಗೊತ್ತಿತ್ತು. ಎರಡನೆಯ ಸಲ ಬಡಿಸಿಕೊಳ್ಳಲು ಬಂದವರಿಗೆ, "ಕೆಲಸದಲ್ಲೂ ಹೀಗೇ ಎರಡನೇ ಸಲ ಬರ್ತೀಯೇನಪ್ಪಾ?" ಎನ್ನುವರು. ತಟ್ಟೆಯಲ್ಲಿ ಬಿಟ್ಟು ಎದ್ದವರಿಗೆ, "ಹೆಂಡತಿ ಕೈ ಅಡುಗೆ ಬಿಡೋ ಧೈರ್ಯ ಇದ್ಯಾ? ಅದನ್ನ ಮೊದಲು ತೋರಿಸು," ಎನ್ನುವರು. ಜನ ಬೈಸಿಕೊಂಡು ಉಂಡು, ನಗುತ್ತಾ ಮೇಲೆ ಹೋಗುತ್ತಿದ್ದರು.

ಅಕ್ಕನ ಗಂಡ ಅದೇ ಕಚೇರಿಯಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದವರು. ಹೆಂಡತಿ ಎಲ್ಲರಿಗೂ ಅಕ್ಕನಾದ ಮೇಲೆ ಗಂಡ ಎಲ್ಲರಿಗೂ ಭಾವನಾಗದೆ ವಿಧಿಯಿರಲಿಲ್ಲ. ಹುದ್ದೆಯಲ್ಲಿ ಅವರಿಗಿಂತ ದೊಡ್ಡವರಾದ ಹೆಡ್ ಕ್ಲಾರ್ಕರೂ ಅವರನ್ನು 'ಭಾವ' ಎಂದೇ ಕರೆದು, ಕರೆದ ಮೇಲೆ ಒಮ್ಮೆ ಕೆಮ್ಮುವರು.

ಈ ಹೆಡ್ ಕ್ಲಾರ್ಕರಿಗೆ ನೌಕರರು ಇಟ್ಟ ಹೆಸರು ಸೋಪಪ್ಪ. ಶುಚಿತ್ವದ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವವರಲ್ಲ. ಕ್ಯಾಂಟೀನಿಗೆ ಬಿಳಿಯ ಕರವಸ್ತ್ರ ಹಿಡಿದು ಬಂದು ಪಾತ್ರೆಗಳ ತಳವನ್ನು ಒರೆಸಿ ನೋಡುವರು. ಅದಕ್ಕಾಗಿಯೇ ಅಕ್ಕ ಒಂದು ತಟ್ಟೆಯನ್ನು ಕನ್ನಡಿಯಂತೆ ಉಜ್ಜಿ ಇಟ್ಟಿದ್ದರು. ಅವರು ಬಂದ ಕೂಡಲೇ ಅದನ್ನೇ ಕೈಗೆ ಕೊಡುವರು. ಸೋಪಪ್ಪನವರು ಅದರಲ್ಲಿ ತಮ್ಮ ಮುಖ ಕಂಡು, ಕರವಸ್ತ್ರವನ್ನು ಮರೆತು, ಕೂದಲು ಸರಿಮಾಡಿಕೊಂಡು ಹೊರಟುಹೋಗುವರು.

ಅವರ ಶುಚಿತ್ವದ ದೊಡ್ಡ ಸಾಧನೆಯೆಂದರೆ ದಾಖಲೆ ಕೋಣೆಯ ಸುಧಾರಣೆ. ಆ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಎಂಟು ಜನ ಅದರ ಸುತ್ತ ಕುಳಿತು ದಿನವಿಡೀ ಹಳೆಯ ಹಾಳೆಗಳನ್ನು ತಿರುವುವರು. ಹಿಂದೆ ಎಲ್ಲರೂ ಬೆರಳನ್ನು ನಾಲಿಗೆಗೆ ಮುಟ್ಟಿಸಿಯೇ ತಿರುವುತ್ತಿದ್ದರು. ೨೦೦೬ರ ಜುಲೈ ಹತ್ತು, ಸೋಮವಾರದಂದು ಸೋಪಪ್ಪನವರು 'ಎಂಜಲು ಬೆರಳಿನಿಂದ ಕಡತ ತಿರುವತಕ್ಕದ್ದಲ್ಲ' ಎಂದು ಸುತ್ತೋಲೆ ಹೊರಡಿಸಿ, ಮೇಜಿನ ನಟ್ಟನಡುವೆ ಒಂದು ಗಾಜಿನ ಬಟ್ಟಲನ್ನೂ ಅದರೊಳಗೆ ನೀರಿನಲ್ಲಿ ನೆನೆದ ಹಳದಿ ಸ್ಪಂಜನ್ನೂ ಇರಿಸಿದರು. ಎಂಟು ಜನರೂ ಅದರಲ್ಲಿಯೇ ಬೆರಳು ಅದ್ದಬೇಕು. ಪ್ರತಿದಿನ ಬೆಳಿಗ್ಗೆ ಅದಕ್ಕೆ ನೀರು ಹಾಕಿಸುವರು. ಸ್ಪಂಜು ಮಾತ್ರ ಸವೆಯದ ಹೊರತು ಹೊಸದನ್ನು ಕೊಡುವಂತಿರಲಿಲ್ಲ. ಅದು ಸವೆಯಲೂ ಇಲ್ಲ.

ಈ ಸಲ ಸೋಪಪ್ಪನವರು ಸುಮ್ಮನಿರಲಿಲ್ಲ. ಡಿಸೆಂಬರ್ ಐದರಂದೇ ಸಾಹೇಬರಿಗೆ ಟಿಪ್ಪಣಿ ಮಂಡಿಸಿದರು: ಕ್ಯಾಂಟೀನನ್ನು ಇದೇ ತಿಂಗಳ ಮೂವತ್ತೊಂದರಿಂದ ಮುಚ್ಚತಕ್ಕದ್ದು, ನೌಕರರಿಗೆ ಹೊರಗಿನಿಂದ ಊಟದ ಪೊಟ್ಟಣ ತರಿಸತಕ್ಕದ್ದು. ಅಕ್ಕನಿಗಾಗ ಐವತ್ತಮೂರು ವರ್ಷ. ಬೇರೆ ಒಲೆ ಅವರಿಗೆ ಗೊತ್ತಿರಲಿಲ್ಲ. ಹೊಟ್ಟೆ ಕೆಡಿಸಿದವಳೆಂದು ಹೊರಗೆ ಹಾಕಿಸಿಕೊಂಡವರಿಗೆ ಬೇರೆ ಒಲೆ ಕೊಡುವವರೂ ಇರಲಿಲ್ಲ. ಸುದ್ದಿ ಕೇಳಿದ ದಿನ ಅವರು ಯಾರನ್ನೂ ಬೈಯದೆ ಊಟ ಬಡಿಸಿದರು. ಉಂಡವರಿಗೆ ರುಚಿಯೇ ಹತ್ತಲಿಲ್ಲ.

ಸಾಹೇಬರು ಸಹಿ ಹಾಕುವ ಮೊದಲು ಪ್ರಯೋಗಾಲಯಕ್ಕೆ ಒಮ್ಮೆ ಬರೆದರು. ಆರನೆಯ ತಾರೀಖು, ಗುರುವಾರ, ಅಲ್ಲಿಂದ ಒಬ್ಬ ಯುವತಿ ಬಂದರು. ಕಪ್ಪು ಚೌಕಟ್ಟಿನ ಕನ್ನಡಕ, ಹೆಗಲಲ್ಲಿ ನೀಲಿ ಪೆಟ್ಟಿಗೆ. ನೌಕರರು ಅವರನ್ನು ಲ್ಯಾಬ್ ಮೇಡಂ ಎಂದರು. ಸಭಾಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಅವರು ವಿವರಿಸಿದರು.

"ಇಷ್ಟು ವರ್ಷ ನಾವು ನಿಮ್ಮ ಊಟನ ತಟ್ಟೇಲಿ ಹಾಕಿ ಏನಾದ್ರೂ ಬೆಳೆಯುತ್ತಾ ಅಂತ ನೋಡ್ತಿದ್ವಿ. ಬ್ಯಾಕ್ಟೀರಿಯಾ ಆಗಿದ್ರೆ ಬೆಳೀತಿತ್ತು. ಚಳಿಗಾಲದಲ್ಲಿ ಹೀಗೆ ವಾಂತಿ ತರೋದು ಹೆಚ್ಚಾಗಿ ವೈರಸ್ಸು. ಅದು ಆ ತಟ್ಟೇಲಿ ಬೆಳೆಯೋದೇ ಇಲ್ಲ. ಇಲಿಬೋನು ಇಟ್ಟು, ಬೆಳಗ್ಗೆ ಬಂದು ನೋಡಿ, ಮನೇಲಿ ಸೊಳ್ಳೆ ಇಲ್ಲ ಅಂತ ಬರ್ಕೊಟ್ಟ ಹಾಗೆ ಆಗ್ತಿತ್ತು."

"ಈಗ?" ಎಂದರು ಸಾಹೇಬರು.

"ಸೆಪ್ಟೆಂಬರಿನಲ್ಲಿ ಹೊಸ ಯಂತ್ರ ಬಂದಿದೆ. ವೈರಸ್ಸಿನ ಒಂದು ಚೂರು ಸಿಕ್ಕಿದ್ರೂ ಸಾಕು, ಅದನ್ನ ಲಕ್ಷಾಂತರ ನಕಲು ಮಾಡಿ ಕಾಣೋ ಹಾಗೆ ಮಾಡುತ್ತೆ."

ಸೋಪಪ್ಪನವರು ಕೈ ಎತ್ತಿದರು. "ನಕಲು ಪ್ರತಿ ಅಂದ್ರಿ. ದೃಢೀಕರಣ ಯಾರು ಮಾಡ್ತಾರೆ?"

"ಯಂತ್ರನೇ ಸಾರ್." ಮೇಡಂ ಪೆಟ್ಟಿಗೆ ತೆರೆದು ಹೆಬ್ಬೆರಳು ಗಾತ್ರದ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಊಟ ಮಾತ್ರ ಸಾಲದು, ಜನರ ಮಾದರಿನೂ ಬೇಕು. ಕಾಯಿಲೆ ಬಿದ್ದವರದ್ದು, ಬೀಳದವರದ್ದು, ಅಡುಗೆಯವರದ್ದು, ಎಲ್ಲರದ್ದೂ. ನಾಳೆ ಬೆಳಗ್ಗೆ ತನ್ನಿ."

ಏನನ್ನು ತರಬೇಕೆಂಬುದು ಎಲ್ಲರಿಗೂ ಅರ್ಥವಾಗಿತ್ತು. ಆದರೂ ಬೈಂಡರಣ್ಣನು ಕೇಳಿಯೇಬಿಟ್ಟನು. "ಏನು ತರಬೇಕು ಮೇಡಂ?"

"ನೀನು ಮೂರು ದಿನದಿಂದ ಪುಕ್ಕಟೆ ಹಂಚ್ತಿರೋದನ್ನೇ ಕಣೋ," ಎಂದರು ಹಿಂದಿನ ಬಾಗಿಲಲ್ಲಿ ನಿಂತಿದ್ದ ಅಕ್ಕ. ಸಭೆ ಘೊಳ್ಳೆಂದಿತು. ಅಕ್ಕ ನಗಲಿಲ್ಲ.

ನಗದಿರಲು ಕಾರಣವಿತ್ತು. ಎರಡನೆಯ ತಾರೀಖು, ಭಾನುವಾರ, ಅಂದರೆ ಬೈಂಡರಣ್ಣನ ಹೂಕುಂಡದ ಹಿಂದಿನ ದಿನ, ಅಕ್ಕನಿಗೂ ಹೊಟ್ಟೆ ಕೆಟ್ಟಿತ್ತು. ಸಂಜೆಯೊಳಗೆ ಸರಿಹೋಯಿತು. ಯಾರಿಗೂ ಹೇಳದೆ ಸೋಮವಾರ ಎಂದಿನಂತೆ ಬಂದು ಒಲೆ ಹಚ್ಚಿದ್ದರು. ಈಗ ಆ ಯಂತ್ರದ ಮಾತು ಕೇಳಿದ ಮೇಲೆ, ತಮ್ಮ ಡಬ್ಬಿ ಅದರೊಳಗೆ ಹೋದರೆ ಮೂವತ್ತೊಂದರವರೆಗೂ ಕಾಯಬೇಕಾಗಿಲ್ಲವೆಂದು ಅವರಿಗೆ ಖಾತ್ರಿಯಾಯಿತು.

ಅಂದು ಸಂಜೆ ಮನೆಯಲ್ಲಿ ಅವರು ಗಂಡನ ಮುಂದೆ ಡಬ್ಬಿ ಇಟ್ಟರು. ಭಾವನವರು ಆಗತಾನೇ ಕಾಲು ಚಾಚಿ ಕುಳಿತು ರೇಡಿಯೋ ಹಚ್ಚಿದ್ದರು.

"ರೀ, ಇದು ನಿಮಗೆ."

"ಏನಿದು? ನಶ್ಯದ ಡಬ್ಬೀನಾ?"

ವಿಷಯ ತಿಳಿದ ಮೇಲೆ ಅವರು ರೇಡಿಯೋ ಆರಿಸಿದರು. "ಲೇ, ಮದುವೆಯಾದಾಗಿಂದ ನೀನು ನನ್ನ ಹತ್ರ ಬಾಯಿಬಿಟ್ಟು ಏನೂ ಕೇಳಿದವಳಲ್ಲ. ಕೇಳೋದು ಕೇಳ್ದೆ, ಇದನ್ನಾ?"

"ನಿಮ್ಮದು ಕಬ್ಬಿಣದ ಹೊಟ್ಟೆ ಅಂತ ಊರೆಲ್ಲಾ ಕೊಚ್ಕೋತೀರಲ್ಲ. ಒಂದು ದಿನ ಉಪಯೋಗಕ್ಕೆ ಬರ್ಲಿ. ನಿಮ್ಮದು ಕೊಟ್ರೆ ಯಂತ್ರಕ್ಕೆ ಏನೂ ಸಿಗಲ್ಲ, ನಾನು ಬಚಾವು."

"ನಾನು ನಿನ್ನ ಕ್ಯಾಂಟೀನಿನ ಅನ್ನ ಒಂದು ಅಗುಳೂ ಮುಟ್ಟಿದವನಲ್ಲ. ಮನೇಲಿ ಒಂದು ಸಲ ಅನುಭವಿಸಿದ್ರೆ ಸಾಲದಾ ಅಂತ."

"ಅದಕ್ಕೇ ಕೇಳ್ತಿರೋದು. ಕೊಡ್ತೀರೋ ಇಲ್ವೋ?"

"ಒಂದು ಷರತ್ತು. ನನ್ನ ಗೊರಕೆ ವಿಷಯ ಆಫೀಸಲ್ಲಿ ಹೇಳ್ಕೊಂಡು ನಗೋದು ನಿಲ್ಲಿಸಬೇಕು."

"ಆಯ್ತು, ನಿಲ್ಲಿಸ್ತೀನಿ."

"ಬೈಂಡರಣ್ಣ ಅದನ್ನ ಅಣಕಿಸಿ ತೋರಿಸ್ತಾನಂತೆ."

"ಅವನು ಈ ವಾರ ಬೇರೆ ಸದ್ದು ಮಾಡ್ತಿದಾನೆ, ಬಿಡಿ. ಎದ್ದೇಳಿ ಮೊದಲು!"

ಶುಕ್ರವಾರ ಬೆಳಿಗ್ಗೆ ಸೋಪಪ್ಪನವರು ಒಳಬರುವ ಕಾಗದಗಳನ್ನು ದಾಖಲಿಸುವ ಆವಕ ವಿಭಾಗದ ಮೇಜಿನ ಹಿಂದೆ ಸ್ವತಃ ಕುಳಿತರು. ಕಚೇರಿಯ ಯಾವ ವಸ್ತುವೂ ಕ್ರಮಬದ್ಧವಾಗಿ ಬಾರದೆ ಹೊರಹೋಗುವಂತಿಲ್ಲವೆಂಬುದು ಅವರ ನಿಲುವು. ಪ್ರತಿಯೊಬ್ಬರೂ ಡಬ್ಬಿಯನ್ನು ಅವರ ಮುಂದಿಡಬೇಕು, ಅವರು ಅದಕ್ಕೆ ಸಂಖ್ಯೆಯ ಚೀಟಿ ಅಂಟಿಸಿ, ಚೀಟಿಯ ಮೇಲೆ ಆವಕ ಮುದ್ರೆ ಒತ್ತುವರು. ಲ್ಯಾಬ್ ಮೇಡಂ ಬೇಡಿಕೊಂಡರು. "ಸಾರ್, ಮೆತ್ತಗೆ ಒತ್ತಿ. ಮುಚ್ಚಳ ಹಾರುತ್ತೆ." ಸೋಪಪ್ಪನವರು ಮೂವತ್ತು ವರ್ಷ ಒತ್ತಿದ ಕೈಯನ್ನು ಆ ದಿನಕ್ಕಾಗಿ ಬದಲಿಸಲಿಲ್ಲ. ಮುದ್ರೆ ಬಿದ್ದಾಗಲೆಲ್ಲ ಸಾಲಿನಲ್ಲಿದ್ದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಬ್ಬರು ತಮ್ಮದನ್ನು ಕನ್ನಡಕದ ಪೆಟ್ಟಿಗೆಯಲ್ಲಿ ತಂದಿದ್ದರು. ಇನ್ನೊಬ್ಬರು ಉಡುಗೊರೆಯ ಕಾಗದದಲ್ಲಿ ಸುತ್ತಿದ್ದರು. ಅಕ್ಕ ಕೊಟ್ಟದ್ದು ಇಪ್ಪತ್ತಮೂರನೆಯ ಡಬ್ಬಿ.

"ನಿಮ್ಮದೇ ತಾನೇ?" ಎಂದರು ಸೋಪಪ್ಪನವರು, ವಾಡಿಕೆಯಂತೆ.

"ಬೇರೆಯವರದ್ದು ಹೊತ್ಕೊಂಡು ತಿರುಗೋಕೆ ನನಗೇನು ಹುಚ್ಚಾ ಸಾರ್?" ಎಂದರು ಅಕ್ಕ.

ಫಲಿತಾಂಶ ಬಂದದ್ದು ೨೦೧೨ರ ಹನ್ನೆರಡನೆಯ ತಿಂಗಳ ಹನ್ನೆರಡು, ಬುಧವಾರ. ಇಂಥ ತಾರೀಖು ನೂರು ವರ್ಷಕ್ಕೊಮ್ಮೆ ಬರುವಂಥದು. ಅಂದು ಒಳ್ಳೆಯದೇ ಆಗುವುದೆಂದು ಅಕ್ಕ ನಂಬಿದ್ದರು. ಸಭಾಕೋಣೆಯಲ್ಲಿ ಲ್ಯಾಬ್ ಮೇಡಂ ಓದಿದರು. ಕ್ಯಾಂಟೀನಿನ ಊಟದಲ್ಲಿ ಏನೂ ಇಲ್ಲ, ಪಾತ್ರೆಗಳಲ್ಲಿ ಇಲ್ಲ, ನೀರಿನಲ್ಲಿ ಇಲ್ಲ. ಕಾಯಿಲೆ ಬಿದ್ದ ಹದಿನಾಲ್ವರಲ್ಲಿ ಹನ್ನೆರಡು ಮಂದಿಯಲ್ಲಿ ವೈರಸ್ಸು ಸಿಕ್ಕಿದೆ, ಎಲ್ಲವೂ ಒಂದೇ ವಂಶದ್ದು, ಅವರಲ್ಲಿ ಹೆಚ್ಚಿನವರು ದಾಖಲೆ ಕೋಣೆಯವರು.

"ಇನ್ನೊಂದು ವಿಷಯ. ವಾಂತಿ, ಭೇದಿ ಏನೂ ಇಲ್ಲದ ಇಬ್ಬರಲ್ಲೂ ಅದೇ ವೈರಸ್ಸಿದೆ. ಹೀಗೂ ಆಗುತ್ತೆ, ಅವರಿಗೆ ಗೊತ್ತೇ ಆಗಲ್ಲ, ಆದ್ರೆ ಬೇರೆಯವರಿಗೆ ದಾಟಿಸ್ತಾರೆ. ಒಂಬತ್ತು ಮತ್ತು ಇಪ್ಪತ್ತಮೂರು. ಯಾರು ಅಂತ ಹೇಳಲ್ಲ, ಅವರ ಹತ್ರ ನಾನೇ ಮಾತಾಡ್ತೀನಿ."

"ಇಪ್ಪತ್ತಮೂರು ಕ್ಯಾಂಟೀನು!" ಸೋಪಪ್ಪನವರು ಎದ್ದುನಿಂತಿದ್ದರು. "ನಾನೇ ಮುದ್ರೆ ಒತ್ತಿದ್ದು, ನನಗೆ ನೆನಪಿದೆ. ಹೇಳಿದ್ನೋ ಇಲ್ವೋ? ಮೂರು ವರ್ಷದಿಂದ ಬಡ್ಕೋತಿದೀನಿ!"

ಕೋಣೆಯ ಕಣ್ಣೆಲ್ಲ ಅಕ್ಕನ ಕಡೆ ತಿರುಗಿತು. ಒಂಬತ್ತು ಯಾರದೆಂದು ಕೇಳುವ ಆಸಕ್ತಿ ಯಾರಿಗೂ ಉಳಿಯಲಿಲ್ಲ. ಇಪ್ಪತ್ತಮೂರು ತಮ್ಮದಲ್ಲವೆಂದು ಅಕ್ಕ ಹೇಳಿದರೆ ಮೋಸಗಾರ್ತಿ. ಹೇಳದಿದ್ದರೆ ರೋಗ ಹರಡಿದವಳು. ಅಕ್ಕ ನೇರವಾಗಿ ಮನೆಗೆ ಹೋದರು.

"ಕಬ್ಬಿಣವಂತೆ ಕಬ್ಬಿಣ! ನಿಮ್ಮ ಹೊಟ್ಟೆಗಿಷ್ಟು!"

"ಏನಾಯ್ತೇ?"

"ನಿಮ್ಮ ಡಬ್ಬೀಲಿ ಸಿಕ್ಕಿದೆ ಕಣ್ರೀ, ವೈರಸ್ಸು! ನನ್ನ ಹೆಸರಲ್ಲಿ!"

ಭಾವನವರು ಹೊಟ್ಟೆಯನ್ನು ಒಮ್ಮೆ ಸವರಿಕೊಂಡರು. "ನಂಗೇನೂ ಆಗಿಲ್ವಲ್ಲ. ಅಂದ್ಮೇಲೆ ಕಬ್ಬಿಣ ಅಂದಿದ್ದು ಸರಿನೇ ತಾನೇ?"

ಅಕ್ಕ ಕೈಗೆ ಸಿಕ್ಕ ಸೌಟನ್ನು ಎತ್ತಿದರು. ಭಾವನವರು ಅಂಗಳಕ್ಕೆ ಜಾರಿದರು. ಅಲ್ಲಿಂದ ಅವರು ಕೂಗಿ ಹೇಳಿದ ಮಾತೊಂದೇ ಆ ದಿನದ ಬುದ್ಧಿಮಾತು. "ಹೇಗಿದ್ರೂ ಕಳ್ಕೋತೀಯ. ನಿಜ ಹೇಳಿ ಕಳ್ಕೋ. ನಾಳೆ ನಿನ್ನದನ್ನೇ ತಗೊಂಡ್ಹೋಗಿ ಆ ಹುಡುಗಿ ಮುಂದೆ ಇಟ್ಟುಬಿಡು."

ಹದಿಮೂರನೆಯ ತಾರೀಖು, ಗುರುವಾರ ಬೆಳಿಗ್ಗೆ ಅಕ್ಕ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಬಿಳಿ ಅಂಗಿ ತೊಟ್ಟ ಲ್ಯಾಬ್ ಮೇಡಂ ಹೊರಬಂದಾಗ ಸೆರಗಿನೊಳಗಿಂದ ಒಂದು ಡಬ್ಬಿ ತೆಗೆದು ಹಿಡಿದರು.

"ಮಗಳೇ, ಇದು ಅಸಲು. ಆವತ್ತು ಕೊಟ್ಟಿದ್ದು ನಮ್ಮ ಯಜಮಾನರದ್ದು. ಹಿಂದಿನ ಭಾನುವಾರ ನನಗೂ ಹೊಟ್ಟೆ ಕೆಟ್ಟಿತ್ತು, ಅದಕ್ಕೇ."

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅಕ್ಕಾ, ಇದೇನು ಕಳ್ಳಾಟ? ಎರಡು ದಿನ ಕೂತು ಪರೀಕ್ಷೆ ಮಾಡಿದೀನಿ ನಾನು! ಭಾನುವಾರ ಹೊಟ್ಟೆ ಕೆಟ್ಟಿದ್ರೆ ಸೋಮವಾರ ಒಲೆ ಮುಂದೆ ಯಾಕೆ ನಿಂತ್ರಿ? ಅದು ಇದಕ್ಕಿಂತ ದೊಡ್ಡ ತಪ್ಪು."

ಅಕ್ಕ ತಲೆ ತಗ್ಗಿಸಿದರು. ಬೈದು ಮುಗಿಸುವಷ್ಟರಲ್ಲಿ ಮೇಡಮ್ಮನ ಮುಖ ಬೇರೆಯಾಗಿತ್ತು. "ಇರಿ, ಇರಿ. ನಿಮ್ಮ ಯಜಮಾನ್ರು ಕ್ಯಾಂಟೀನಲ್ಲಿ ಊಟ ಮಾಡ್ತಾರಾ?"

"ಒಂದು ಅಗುಳೂ ಮುಟ್ಟಲ್ಲ. ಮಹಾ ಕೊಬ್ಬು."

"ಭಾನುವಾರ ನೀವೇನು ತಿಂದಿದ್ರಿ?"

"ನಮ್ಮನೆ ಬಳ್ಳೀಲಿ ದ್ರಾಕ್ಷಿ ಬಿಟ್ಟಿತ್ತು. ಹುಳಿ ಹುಳಿ. ಒಂದು ಮೊರದ ತುಂಬ ಇತ್ತು."

"ಅಷ್ಟನ್ನೂ?"

"ಕೆಡ್ತಿತ್ತಲ್ಲ ಮಗಳೇ, ಬಿಟ್ರೆ."

ಶುಕ್ರವಾರ ಯಂತ್ರವು ಉತ್ತರ ಹೇಳಿತು. ಅಕ್ಕನಲ್ಲಿ ವೈರಸ್ಸಿನ ಸುಳಿವೇ ಇಲ್ಲ. ಇದ್ದಿದ್ದರೆ ಹೊಟ್ಟೆ ನೆಟ್ಟಗಾದ ಮೇಲೂ ಎರಡು ವಾರ ಕಾಣಿಸುತ್ತಿತ್ತೆಂದು ಮೇಡಂ ವಿವರಿಸಿದರು. ಕೆಡಿಸಿದ್ದು ದ್ರಾಕ್ಷಿಯೇ. ಅಂದರೆ, ತಮ್ಮ ಡಬ್ಬಿಯನ್ನು ನೆಟ್ಟಗೆ ಕೊಟ್ಟಿದ್ದರೆ ಅಕ್ಕ ಹನ್ನೆರಡರಂದೇ ಬಚಾವಾಗುತ್ತಿದ್ದರು. ಇದನ್ನು ಕೇಳಿ ಅವರು ತಮ್ಮ ಹಣೆಯನ್ನು ಎರಡು ಸಲ ಚಚ್ಚಿಕೊಂಡರು. ಆದರೆ ಮೇಡಂ ಬೇರೆಯೇ ಲೆಕ್ಕದಲ್ಲಿದ್ದರು: ಭಾವನಲ್ಲಿ ಇರುವುದು ದಾಖಲೆ ಕೋಣೆಯವರ ವೈರಸ್ಸೇ, ಅದು ಹೆಂಡತಿಯಿಂದ ಬಂದದ್ದಲ್ಲ, ಕ್ಯಾಂಟೀನಿನಿಂದಲೂ ಬಂದದ್ದಲ್ಲ. ಹಾಗಾದರೆ ಆ ಕೋಣೆಯವರೂ ಈ ನಿವೃತ್ತ ಕಾವಲುಗಾರರೂ ಸೇರುವುದು ಎಲ್ಲಿ?

ಹದಿನೇಳನೆಯ ತಾರೀಖು, ಸೋಮವಾರ ಮಧ್ಯಾಹ್ನ ಮೇಡಂ ಕ್ಯಾಂಟೀನಿನ ಬಳಿ ಭಾವನವರನ್ನೇ ಹಿಡಿದರು.

"ದಿನಾ ಎಲ್ಲೆಲ್ಲಿ ಹೋಗ್ತೀರಿ ಭಾವ?"

"ಎಲ್ಲಿಗೆ ಹೋಗ್ಲಿ ತಾಯಿ? ಊಟ ಆದ್ಮೇಲೆ ಮೇಲ್ಗಡೆ ದಾಖಲೆ ಕೋಣೆಗೆ ಹೋಗಿ ಪೇಪರ್ ಓದ್ತೀನಿ. ನನ್ನ ಹಳೇ ಜಾಗ, ಯಾರೂ ಬೇಡ ಅನ್ನಲ್ಲ."

"ಹೇಗೆ ಓದ್ತೀರಿ, ತೋರ್ಸಿ."

ಇದು ಎಂಥ ಪ್ರಶ್ನೆಯೆಂದು ಭಾವನವರು ಹೆಂಡತಿಯ ಮುಖ ನೋಡಿದರು. ಆದರೂ ಎಲ್ಲರೂ ಮೇಲೆ ಹೋದರು. ಭಾವನವರು ಉದ್ದನೆಯ ಮೇಜಿನ ತುದಿಯಲ್ಲಿ ಕುಳಿತು, ಕನ್ನಡಕ ಏರಿಸಿ, ಪತ್ರಿಕೆ ಬಿಡಿಸಿ, ಕೈ ಚಾಚಿ ಗಾಜಿನ ಬಟ್ಟಲಿನ ಸ್ಪಂಜಿಗೆ ಹೆಬ್ಬೆರಳು ಒತ್ತಿ, ಮೊದಲ ಪುಟ ತಿರುವಿದರು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅದೇ ಬೆರಳಿನಿಂದ ಮೂಗು ಉಜ್ಜಿಕೊಂಡು, ಜೇಬಿನಿಂದ ನಾಲ್ಕು ಕಡಲೆಕಾಯಿ ತೆಗೆದು ಬಾಯಿಗೆ ಹಾಕಿಕೊಂಡರು. ಪಕ್ಕದಲ್ಲಿ ಬೈಂಡರಣ್ಣನೂ ಬೆರಳು ಒತ್ತಿ ಹಾಳೆ ತಿರುವಿದನು. ಅವನ ಪಕ್ಕದವರೂ ಒತ್ತಿದರು.

ಮೇಡಂ ಪೆಟ್ಟಿಗೆಯಿಂದ ಹತ್ತಿ ಸುತ್ತಿದ ಕಡ್ಡಿಯನ್ನು ತೆಗೆದರು. ಅಷ್ಟರಲ್ಲಿ ಸೋಪಪ್ಪನವರು ಬಂದರು.

"ನೋಡಿ, ನೋಡಿ. ಇದು ನನ್ನ ವ್ಯವಸ್ಥೆ. ಮೊದಲು ಇವರೆಲ್ಲ ಎಂಜಲು ಹಚ್ಚಿ ಪುಟ ತಿರುವೋರು. ಅಸಹ್ಯ! ನಾನು ತಪ್ಪಿಸಿದೆ. ಬೇರೆ ಆಫೀಸಿನವರು ಬಂದು ನೋಡ್ಕೊಂಡು ಹೋಗಿದಾರೆ."

"ಸ್ಪಂಜು ಯಾವಾಗ ಬದಲಿಸಿದ್ರಿ ಸಾರ್?"

"ಬದಲಿಸೋದಾ? ಇನ್ನೂ ಗಟ್ಟಿಮುಟ್ಟಾಗಿದೆಯಲ್ಲ."

"ಮೊದಲು ಅವರವರ ಎಂಜಲು ಅವರವರ ಬಾಯಲ್ಲಿತ್ತು ಸಾರ್," ಎಂದು ಬೈಂಡರಣ್ಣನು ನಿಧಾನವಾಗಿ ಹೇಳಿದನು. ಹೇಳಿದ ಮೇಲೆ ತನ್ನ ಬೆರಳನ್ನು ನೋಡಿಕೊಂಡು, ಷರಟಿಗೆ ಒರೆಸಿಕೊಂಡನು.

೨೦೧೨ರ ಡಿಸೆಂಬರ್ ಇಪ್ಪತ್ತೊಂದು, ಶುಕ್ರವಾರ, ಸಾಹೇಬರ ಕೊಠಡಿಯಲ್ಲಿ ಕೊನೆಯ ಸಭೆ ಸೇರಿತು. ಸ್ಪಂಜಿನಲ್ಲಿ ಅದೇ ವಂಶದ ವೈರಸ್ಸು ಧಾರಾಳವಾಗಿ ಸಿಕ್ಕಿತ್ತು. ಮೇಡಂ ಎಚ್ಚರಿಕೆಯಿಂದ ಮಾತನಾಡಿದರು. ಇದನ್ನು ಕಚೇರಿಯೊಳಗೆ ಮೊದಲು ತಂದವರು ಯಾರೆಂದು ಯಂತ್ರ ಹೇಳುವುದಿಲ್ಲ. ನಲ್ಲಿಯ ತಿರುಪು, ಬಾಗಿಲ ಹಿಡಿಕೆಗಳ ಪಾಲೂ ಇರಬಹುದು. ಆದರೆ ಊಟದಿಂದ ಬಂದದ್ದಲ್ಲ. ಕೈಯಿಂದ ಕೈಗೆ, ಹೆಚ್ಚಾಗಿ ಆ ಬಟ್ಟಲಿನ ದಾರಿಯಲ್ಲಿ, ಮೇಲಿನ ಮಹಡಿಯಲ್ಲೇ ತಿರುಗಿದೆ.

"ಹಾಗಾದ್ರೆ ಇಪ್ಪತ್ತಮೂರು?" ಎಂದರು ಸೋಪಪ್ಪನವರು. "ಕ್ಯಾಂಟೀನಿನವರಲ್ಲಿ ಸಿಕ್ಕಿತ್ತಲ್ಲ? ಅದಕ್ಕೇನಂತೀರಿ?"

ಮೇಡಂ ಅಕ್ಕನ ಕಡೆ ನೋಡಿದರು. ಅದನ್ನು ಹೇಳಬೇಕಾದವರು ತಾವಲ್ಲವೆಂಬಂತಿತ್ತು ಆ ನೋಟ.

ಅಕ್ಕ ಎದ್ದರು. "ಅದು ನನ್ನದಲ್ಲ ಸಾಹೇಬ್ರೇ. ನಮ್ಮ ಯಜಮಾನರದ್ದು. ಭಯಕ್ಕೆ ಬದಲಾಯಿಸ್ಬಿಟ್ಟೆ."

ಬೈಂಡರಣ್ಣನು ಮೊದಲು ನಕ್ಕನು, ಅನಂತರ ಎಲ್ಲರೂ. ಸಾಹೇಬರು ಮುಖವನ್ನು ಕಡತದ ಹಿಂದೆ ಇಟ್ಟುಕೊಂಡರು, ಕಡತ ಅಲುಗುತ್ತಿತ್ತು.

"ಇದು ಮೋಸ!" ಸೋಪಪ್ಪನವರು ಗುಡುಗಿದರು. "ಮುದ್ರೆ ಒತ್ತಿಸಿಕೊಂಡ ಮೋಸ!"

"ಮೋಸನೇ ಸಾರ್, ಒಪ್ಕೊಂಡೆ. ಏನು ಶಿಕ್ಷೆ ಬೇಕಾದ್ರೂ ಕೊಡಿ. ಆದ್ರೆ ಎಲ್ಲರೂ ನನ್ನ ಡಬ್ಬೀನೇ ಮೂಸ್ತಿದೀರಲ್ಲ, ಆ ಒಂಬತ್ತು ಯಾರದ್ದು ಅಂತ ಒಬ್ಬರಾದ್ರೂ ಕೇಳಿದ್ರಾ?"

ಅದು ಯಾರದೆಂದು ಅಕ್ಕನಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಆಡಿದ್ದರು, ಅಷ್ಟೆ. ಆದರೆ ನಗು ನಿಂತಿತು. ಸೋಪಪ್ಪನವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಮೇಡಂ ನೆಲ ನೋಡುತ್ತಿದ್ದರು.

"ನನ್ನದು," ಎಂದರು ಸೋಪಪ್ಪನವರು. "ಹನ್ನೆರಡನೇ ತಾರೀಖೇ ಗೊತ್ತಾಯ್ತು. ಮೇಡಂ ಹೇಳಿದ್ರು. ನಾನು ಯಾರಿಗೂ ಹೇಳ್ಲಿಲ್ಲ."

ಅಕ್ಕನ ಬಾಯಲ್ಲಿ ಒಂದು ಮಾತು ಸಿದ್ಧವಾಗಿದ್ದುದನ್ನು ಹತ್ತಿರ ಕುಳಿತವರೆಲ್ಲ ಕಂಡರು. ಅವರು ಅದನ್ನು ನುಂಗಿಕೊಂಡರು.

"ಕೂತ್ಕೊಳ್ಳಿ ಸಾರ್," ಎಂದರು. "ನೀವೂ ಭಯ ಬಿದ್ರಿ, ನಾನೂ ಭಯ ಬಿದ್ದೆ. ನಮ್ಮ ಯಜಮಾನ್ರೊಬ್ಬರೇ ನೆಮ್ಮದಿಯಾಗಿ ಗೊರಕೆ ಹೊಡೀತಿದ್ದಿದ್ದು."

ಭಾವನವರಿಗೆ ಕೊಟ್ಟ ಮಾತು ಹೀಗೆ ಹದಿನೈದನೆಯ ದಿನಕ್ಕೆ ಮುರಿದುಬಿತ್ತು.

ಸೋಪಪ್ಪನವರು ಟಿಪ್ಪಣಿಯನ್ನು ಕೈಯಾರೆ ಹಿಂಪಡೆದರು. ಹಿಂಪಡೆದ ತಾರೀಖನ್ನು ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ ಎಂದು ಸಾಹೇಬರನ್ನು ಕೇಳಿ, ಕೆಳಗೆ ಹಾಕಿದರು.

ಮುಂದೆ ನಡೆದದ್ದು ಇಷ್ಟು. ಕ್ಯಾಂಟೀನು ಮುಚ್ಚಲಿಲ್ಲ. ಮಾದರಿ ಬದಲಿಸಿದ್ದಕ್ಕಾಗಿ ಮತ್ತು ಅಸ್ವಸ್ಥತೆಯನ್ನು ಮುಚ್ಚಿಟ್ಟಿದ್ದಕ್ಕಾಗಿ ಅಕ್ಕನಿಗೆ ೨೦೧೨ರ ಡಿಸೆಂಬರ್ ೨೬, ಬುಧವಾರದಂದು ಲಿಖಿತ ಎಚ್ಚರಿಕೆ ನೀಡಲಾಯಿತು. ಅದಾದ ಮೇಲೆ ಹೊಟ್ಟೆ ಕೆಟ್ಟಾಗ ಅವರು ರಜೆ ಹಾಕಿದರು; ಅಂಥ ದಿನಗಳು ಎರಡು. ೨೦೧೩ರ ಜನವರಿ ೭, ಸೋಮವಾರದಿಂದ ದಾಖಲೆ ಕೋಣೆಯ ಪ್ರತಿಯೊಬ್ಬರಿಗೂ ಬೆರಳಿಗೆ ಹಾಕುವ ರಬ್ಬರು ಟೊಪ್ಪಿ ಬಂದಿತು, ನಲ್ಲಿಗಳ ಬಳಿ ಸೋಪು ಬಂದಿತು, ಎರಡನೆಯ ಶೌಚಾಲಯದ ಬೀಗ ತೆರೆಯಿತು. ಮುಂದಿನ ಚಳಿಗಾಲದಲ್ಲಿಯೂ ಆ ಕಾಯಿಲೆ ಬಂದಿತು. ಆ ಸಲ ಐವರಿಗೆ. ಪ್ರಯೋಗಾಲಯದ ಆ ವರ್ಷದ ವರದಿಯಲ್ಲಿ ಹೊಟ್ಟೆಯ ವೈರಸ್ಸಿನ ಪ್ರಕರಣಗಳು ಹಿಂದೆಂದೂ ಇಲ್ಲದಷ್ಟು ದಾಖಲಾದವು. ರೋಗ ಹೆಚ್ಚಿತೆಂದು ಪತ್ರಿಕೆಗಳು ಬರೆದವು. ಹೆಚ್ಚಿದ್ದು ಮುಖ್ಯವಾಗಿ ಪತ್ತೆಹಚ್ಚುವ ಶಕ್ತಿಯೆಂದು ಲ್ಯಾಬ್ ಮೇಡಂ ತಿದ್ದುಪಡಿ ಕಳುಹಿಸಿದರು. ಅದು ಒಳಪುಟದಲ್ಲಿ ಅಚ್ಚಾಯಿತು.

ಸೋಪಪ್ಪನವರು ೨೦೧೪ರ ಜೂನ್ ೩೦, ಸೋಮವಾರ ನಿವೃತ್ತರಾದರು. ಭಾವನವರು ೨೦೧೭ರ ಆಗಸ್ಟ್ ೯, ಬುಧವಾರ ತೀರಿಕೊಂಡರು. ಅಕ್ಕ ೨೦೧೯ರ ಮೇ ೩೧, ಶುಕ್ರವಾರದವರೆಗೆ ಕೆಲಸ ಮಾಡಿದರು. ಕ್ಯಾಂಟೀನನ್ನು ಈಗ ಅವರ ತಂಗಿಯ ಮಗಳು ನಡೆಸುತ್ತಾಳೆ.